ಕಚ್ಚಾ ಹೊಲಿಗೆ

2013ರ ಮಳೆಗಾಲದ ಒಂದು ಸಂಜೆ ಆಪಾ ದಾವಣಗೆರೆಯಿಂದ ಫೋನ್ ಮಾಡಿದಳು. ನಾನಾಗ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಕೈಗವಸು ತೆಗೆದು ಕಾರಿಡಾರಿಗೆ ಬಂದು ಫೋನ್ ಎತ್ತಿದೆ. ಕುಶಲ ಕೇಳುವ ಮೊದಲೇ ಅವಳು ಹೇಳಿದಳು: "ಮುನ್ನಿಯ ರಿಪೋರ್ಟ್ ಬಂತು. ಮೆದುಳಿನಲ್ಲಿ ಕೊಬ್ಬು ಕರಗದೆ ಉಳಿದುಕೊಳ್ಳುತ್ತಿದೆಯಂತೆ. ನೀನು ಅಲ್ಲಿ ಕೊಬ್ಬಿನ ಮೇಲೆ ತಾನೆ ಕೆಲಸ ಮಾಡೋದು? ಒಂದೇ ಮಾತು ಹೇಳು. ಬಸಿರಿಯಾಗಿದ್ದಾಗ ನಾನು ಅಂಗಡಿಯ ಬಜ್ಜಿ ತಿಂದದ್ದಕ್ಕೇ ಇದಾಯ್ತಾ?"

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಹೇಳಬೇಕಾದ ರೀತಿಯಲ್ಲಿ ಹೇಳಲಿಲ್ಲ ಎಂಬುದು ಇಷ್ಟು ವರ್ಷಗಳ ಮೇಲೂ ನನ್ನನ್ನು ಬಿಟ್ಟಿಲ್ಲ. ಈ ಬರಹ ಅದಕ್ಕಾಗಿ.

ನಮ್ಮ ಅಬ್ಬಾನದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಸಣ್ಣ ಅಂಗಡಿ. ದಾವಣಗೆರೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸಂಜೆ ನಾಲ್ಕಕ್ಕೆ ಬಾಣಲೆ ಒಲೆಯ ಮೇಲೇರಿದರೆ ರಾತ್ರಿ ಒಂಬತ್ತರವರೆಗೆ ಇಳಿಯುತ್ತಿರಲಿಲ್ಲ. ಬಾಣಲೆಯಲ್ಲಿ ಇರುತ್ತಿದ್ದದ್ದು ಪಾಮೋಲಿನ್ ಎಣ್ಣೆ. ಶೇಂಗಾ ಎಣ್ಣೆಯಲ್ಲಿ ಕರಿದು ಆ ಬೆಲೆಗೆ ಮಾರಲು ಯಾರಿಂದಲೂ ಆಗುವುದಿಲ್ಲ. ಖಾಲಿಯಾದ ಡಬ್ಬಿಗಳಲ್ಲಿ ಅಮ್ಮಿ ತುಳಸಿ, ಪುದೀನ, ಮೆಹಂದಿ ಗಿಡ ಬೆಳೆಸುತ್ತಿದ್ದಳು. ಅಮ್ಮಿ ಹೊಲಿಗೆ ಯಂತ್ರದ ಮುಂದೆ ಕೂತು ಓಣಿಯ ಹೆಂಗಸರ ಬ್ಲೌಸು, ಮಕ್ಕಳ ಸಮವಸ್ತ್ರ ಹೊಲಿದು ನಮ್ಮಿಬ್ಬರ ಶಾಲೆಯ ಖರ್ಚು ನಿಭಾಯಿಸಿದಳು. ಆಪಾ ಪಿಯುಸಿಗೆ ಓದು ನಿಲ್ಲಿಸಿ ಫುಪ್ಪುವಿನ ಮಗನನ್ನು ಮದುವೆಯಾದಳು. ಫುಪ್ಪು ಎಂದರೆ ಅಬ್ಬಾನ ಸ್ವಂತ ಅಕ್ಕ. ನಾನು ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ 2010ರಲ್ಲಿ ಬೆಂಗಳೂರು ಸೇರಿದೆ. ಅದೇ ವರ್ಷ ಮುನ್ನಿ ಹುಟ್ಟಿದಳು.

ನಾನು ಮಾಡುವ ಕೆಲಸವೇನೆಂದು ಅಬ್ಬಾಗೆ ತಿಳಿಸಲು ಒಮ್ಮೆ ಬಹಳ ಪಾಡುಪಟ್ಟಿದ್ದೆ. ಕನ್ನಡದ ವಿಜ್ಞಾನ ಪುಸ್ತಕಗಳಲ್ಲಿ ಜೀವಕೋಶದ ಹೊರಪೊರೆಯ ಮೇಲಿದ್ದು, ಹೊರಗಿನ ರಾಸಾಯನಿಕ ಸಂದೇಶವನ್ನು ಹಿಡಿದು ಒಳಗೆ ದಾಟಿಸುವ ಪ್ರೋಟೀನಿಗೆ 'ಗ್ರಾಹಕ' ಎನ್ನುತ್ತಾರೆ. "ನರಕೋಶದ ಗ್ರಾಹಕಗಳಿಗೆ ಕೊಬ್ಬಿನಾಮ್ಲ ಹೇಗೆ ಅಂಟಿಕೊಳ್ಳುತ್ತದೆ ಎಂದು ನೋಡುತ್ತೇವೆ" ಎಂದೆ. ಅಬ್ಬಾ ಬಾಣಲೆಯಿಂದ ಕಣ್ಣು ತೆಗೆಯದೆ, "ನಮ್ಮ ಗ್ರಾಹಕರಿಗೂ ಅದೇ ಅಂಟಿಕೊಳ್ಳೋದು, ಅದನ್ನ ನೋಡೋಕೆ ಬೆಂಗಳೂರಿಗೆ ಯಾಕೆ ಹೋದೆ?" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು.

ಅಬ್ಬಾ ತಮಾಷೆಗೆ ಹೇಳಿದ್ದರಲ್ಲಿ ಅರ್ಧ ನಿಜವೂ ಇತ್ತು. ನಾನು ಹಿಂದೆ ಬಿದ್ದಿದ್ದ ಆ ಕೊಬ್ಬಿನಾಮ್ಲದ ಹೆಸರು ಪಾಮಿಟಿಕ್ ಆಮ್ಲ. 1840ರಲ್ಲಿ ಫ್ರಾನ್ಸಿನ ಎಡ್ಮಂಡ್ ಫ್ರೆಮಿ ಅದನ್ನು ತಾಳೆ ಎಣ್ಣೆಯಿಂದ ಬೇರ್ಪಡಿಸಿದ. ಪಾಮ್ ಎಂಬ ಹೆಸರೇ ಅದಕ್ಕೆ ಅಂಟಿತು. ಹದಿನಾರು ಇಂಗಾಲದ ಪರಮಾಣುಗಳು ಸಾಲಾಗಿ ಕೈ ಹಿಡಿದು ನಿಂತ ಒಂದು ಸರಪಳಿ, ಅಷ್ಟೆ. ತಾಳೆ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಪಾಲು ಇದೇ.

ಈ ಸರಪಳಿ ಪ್ರೋಟೀನಿಗೆ ಅಂಟಿಕೊಳ್ಳುವುದು ಹೇಗೆ ಎಂಬುದನ್ನು ಅಮ್ಮಿಗೆ ಹೇಳುವುದು ಸುಲಭವಾಯಿತು. ಹೊಲಿಗೆಯಲ್ಲಿ ಎರಡು ಬಗೆ ಇದೆಯಲ್ಲ. ಒಂದು ಯಂತ್ರದಲ್ಲಿ ಹಾಕುವ ಪಕ್ಕಾ ಹೊಲಿಗೆ, ಬಟ್ಟೆ ಹರಿಯುವವರೆಗೂ ಇರುತ್ತದೆ. ಇನ್ನೊಂದು ಕಚ್ಚಾ ಹೊಲಿಗೆ. ಅಳತೆ ನೋಡಲು ಕೈಯಲ್ಲಿ ದೂರ ದೂರಕ್ಕೆ ಹಾಕಿ, ಸರಿ ಬಾರದಿದ್ದರೆ ಎಳೆದು ತೆಗೆದು ಮತ್ತೆ ಹಾಕುವಂಥದ್ದು. ನಮ್ಮ ಪ್ರೋಟೀನುಗಳಿಗೂ ಕೆಲವು ಕೊಬ್ಬಿನ ಎಳೆಗಳು ಪಕ್ಕಾ ಆಗಿ ಹೊಲಿದುಕೊಂಡಿರುತ್ತವೆ. ಪಾಮಿಟಿಕ್ ಆಮ್ಲ ಮಾತ್ರ ಹೆಚ್ಚಾಗಿ ಕಚ್ಚಾ ಹೊಲಿಗೆ. ಪ್ರೋಟೀನಿನಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲ ಎಲ್ಲಿದೆಯೋ ಅಲ್ಲಿ ಅದರ ಗಂಧಕದ ಪರಮಾಣುವಿಗೆ ಅದು ತಗಲಿಕೊಳ್ಳುತ್ತದೆ. ಬೇಡವಾದಾಗ ಬಿಡಿಸಿಕೊಳ್ಳುತ್ತದೆ. ಹಾಕಲು ಒಂದು ಗುಂಪಿನ ಕಿಣ್ವಗಳಿವೆ, ಮನುಷ್ಯನಲ್ಲಿ ಇಪ್ಪತ್ತಮೂರು. ಬಿಚ್ಚಲು ಬೇರೆ ಕಿಣ್ವಗಳು.

ಈ ಹೊಲಿಗೆಯ ಕೆಲಸ ಬಹಳ ದೊಡ್ಡದು. ಕೊಬ್ಬು ನೀರಿಗೆ ಸೇರದು, ಕೊಬ್ಬಿಗೇ ಸೇರುವುದು. ಜೀವಕೋಶದ ಪೊರೆ ಕೊಬ್ಬಿನದು. ಆದ್ದರಿಂದ ಪ್ರೋಟೀನಿನ ತೇಲಾಡುವ ಬಾಲಕ್ಕೆ ಈ ಎಳೆ ತಗಲಿಕೊಂಡರೆ ಆ ಬಾಲ ಪೊರೆಗೆ ಅಂಟಿ ನಿಲ್ಲುತ್ತದೆ. ಗ್ರಾಹಕದ ಆಕಾರ ಬದಲಾಗುತ್ತದೆ, ಅದು ಯಾರ ಜೊತೆ ಸೇರಬೇಕು, ಪೊರೆಯ ಮೇಲೆ ಎಷ್ಟು ಹೊತ್ತು ಇರಬೇಕು, ಯಾವಾಗ ಒಳಗೆ ಹೋಗಬೇಕು ಎಂಬುದೆಲ್ಲ ಬದಲಾಗುತ್ತದೆ. 1984ರಲ್ಲೇ ಇಲಿಯ ಒಂದು ಬಗೆಯ ಜೀವಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ನರದಿಂದ ಸ್ನಾಯುವಿಗೆ ಆಜ್ಞೆ ತಲುಪಿಸುವ ಅಸಿಟೈಲ್‌ಕೋಲಿನ್ ಗ್ರಾಹಕಕ್ಕೆ ಕೊಬ್ಬು ಅಂಟಿಕೊಂಡಿರುವುದನ್ನು ತೋರಿಸಿದ್ದರು. 1989ರಲ್ಲಿ ಅಡ್ರಿನಲಿನ್ ಗ್ರಾಹಕದಲ್ಲಿ ಅದು ಅಂಟುವ ಸಿಸ್ಟೀನ್ ಯಾವುದೆಂದು ಗೊತ್ತಾಯಿತು. ಆ ತಂಡದಲ್ಲಿದ್ದ ರಾಬರ್ಟ್ ಲೆಫ್ಕೊವಿಟ್ಜ್ ಅವರಿಗೆ ಇಂಥ ಗ್ರಾಹಕಗಳ ಮೇಲಿನ ಜೀವಮಾನದ ಕೆಲಸಕ್ಕೆ 2012ರಲ್ಲಿ ನೊಬೆಲ್ ಬಂತು. 2005ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ರಿಚರ್ಡ್ ಹ್ಯೂಗನಿರ್ ಅವರ ತಂಡ, ಕಲಿಕೆಗೂ ನೆನಪಿಗೂ ಬೇಕಾದ ಆಂಪಾ ಎಂಬ ಗ್ಲುಟಮೇಟ್ ಗ್ರಾಹಕಕ್ಕೆ ಇಂಥ ಎರಡು ಜಾಗಗಳಿರುವುದನ್ನು ಕಂಡಿತು. ಒಂದು ಜಾಗದಲ್ಲಿ ಎಳೆ ಅಂಟಿದರೆ ಗ್ರಾಹಕ ಜೀವಕೋಶದ ಒಳಗಿನ ಗಾಲ್ಜಿ ಎಂಬ ಉಗ್ರಾಣದಲ್ಲೇ ತಡೆದು ನಿಲ್ಲುತ್ತದೆ. ಇನ್ನೊಂದು ಜಾಗದ ಎಳೆ, ಹೊರಗೆ ಬಂದ ಗ್ರಾಹಕ ಯಾವಾಗ ಒಳಗೆ ಮರಳಬೇಕು ಎಂಬುದರಲ್ಲಿ ಕೈಯಾಡಿಸುತ್ತದೆ.

ನಮ್ಮ ಪ್ರಯೋಗಾಲಯದ ಕೆಲಸ ಇದರ ಒಂದು ಚಿಕ್ಕ ಕವಲು. ಗ್ರಾಹಕದ ಜೀನಿನಲ್ಲಿ ಸಿಸ್ಟೀನ್ ಇರುವ ಜಾಗಕ್ಕೆ ಬೇರೆ ಅಮೈನೋ ಆಮ್ಲ ಬರುವಂತೆ ತಿದ್ದಿ, ಅದನ್ನು ಜೀವಕೋಶಗಳೊಳಗೆ ಕಳಿಸಿ, ಕೊಬ್ಬು ಅಂಟುವುದು ನಿಲ್ಲುತ್ತದೆಯೇ ಎಂದು ನೋಡುವುದು. ನೋಡಲು ವಿಕಿರಣ ಸೂಸುವ ಪಾಮಿಟಿಕ್ ಆಮ್ಲವನ್ನು ಜೀವಕೋಶಗಳಿಗೆ ಉಣಿಸಬೇಕು. ಉಣಿಸುವ ಮೊದಲು ಅವು ದಿನವೂ ಕುಡಿಯುವ ಸೀರಮ್ಮನ್ನು ತೆಗೆದುಬಿಡಬೇಕು. ಸೀರಮ್ಮಿನಲ್ಲಿ ಮೊದಲೇ ಕೊಬ್ಬು ಇರುವುದರಿಂದ ನಮ್ಮ ಗುರುತಿನ ಕೊಬ್ಬು ಅದರಲ್ಲಿ ಕಳೆದುಹೋಗುತ್ತದೆ. ಈ ಹಂತಕ್ಕೆ ಪ್ರಯೋಗಾಲಯದ ಭಾಷೆಯಲ್ಲಿ 'ಸ್ಟಾರ್ವೇಷನ್' ಎನ್ನುತ್ತೇವೆ. ಒಂದು ರಂಝಾನ್ ತಿಂಗಳಲ್ಲಿ ನನ್ನ ಸಹೋದ್ಯೋಗಿ ಗೆಳತಿ ತಟ್ಟೆಗಳ ಮುಚ್ಚಳದ ಮೇಲೆ ಮಾರ್ಕರಿನಲ್ಲಿ 'ಇವರಿಗೂ ಉಪವಾಸ' ಎಂದು ಬರೆದಿಟ್ಟಿದ್ದಳು. ಸಂಜೆ ನನಗೆ ಖರ್ಜೂರ ಕೊಟ್ಟು, ಅವಕ್ಕೆ ಅವಳೇ ಪಾಮಿಟಿಕ್ ಆಮ್ಲ ಹಾಕಿದಳು.

ಆಮೇಲೆ ಜೀವಕೋಶಗಳನ್ನು ಒಡೆದು, ಬೇಕಾದ ಗ್ರಾಹಕವನ್ನು ಹಿಡಿದು, ಎಕ್ಸ್‌ರೇ ಫಿಲ್ಮಿನ ಮೇಲಿಟ್ಟು, ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಿದ್ದೆವು. ಆ ವಿಕಿರಣ ಬಹಳ ಕ್ಷೀಣ. ಫಿಲ್ಮಿನ ಮೇಲೆ ಕಪ್ಪು ಗೆರೆ ಮೂಡಲು ವಾರಗಟ್ಟಲೆ ಬೇಕು. ಕೆಲವೊಮ್ಮೆ ತಿಂಗಳ ನಂತರ ತೆರೆದರೆ ಏನೂ ಇರುತ್ತಿರಲಿಲ್ಲ. ಗೆರೆ ಇಲ್ಲದಿರುವುದು ಕೊಬ್ಬು ಅಂಟದೆ ಇದ್ದದ್ದಕ್ಕೋ, ನನ್ನ ಕೈತಪ್ಪಿಗೋ ಎಂದು ತಿಳಿಯಲು ಇನ್ನೊಂದು ತಿಂಗಳು.

ನಾವು ಬಳಸುತ್ತಿದ್ದ ಜೀವಕೋಶಗಳಲ್ಲಿ ಒಂದು ಬಗೆಯ ಹೆಸರು ಎಸ್‌ಹೆಚ್-ಎಸ್‌ವೈ5ವೈ. ಅವು ನರಕೋಶಗಳ ಕೆಲವು ಗುಣಗಳನ್ನು ತೋರಿಸುತ್ತವೆ, ಆದ್ದರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಅವುಗಳ ಮೂಲ ತಳಿಯನ್ನು 1970ರಲ್ಲಿ ನರಸಂಬಂಧಿ ಕ್ಯಾನ್ಸರಿನಿಂದ ನರಳುತ್ತಿದ್ದ ನಾಲ್ಕು ವರ್ಷದ ಒಂದು ಹೆಣ್ಣುಮಗುವಿನ ಅಸ್ಥಿಮಜ್ಜೆಯಿಂದ ತೆಗೆದದ್ದು. ಆ ಮಗುವಿನ ಹೆಸರು ಬಾಟಲಿಯ ಮೇಲಿಲ್ಲ. ಸೇರಿದ ಮೊದಲ ವಾರ ಇದನ್ನು ಓದಿದಾಗ ಒಂದು ಮಾಹಿತಿಯಂತೆ ಓದಿಕೊಂಡು ಮುಂದೆ ಹೋಗಿದ್ದೆ.

ಇನ್ನು ಮುನ್ನಿಯ ವಿಷಯ. ಅವಳು ಎಲ್ಲ ಮಕ್ಕಳಂತೆ ಕವುಚಿದಳು, ಕೂತಳು, ಹದಿಮೂರನೆಯ ತಿಂಗಳಿಗೆ ಗೋಡೆ ಹಿಡಿದು ನಡೆದಳು. 'ಅಮ್ಮಿ', 'ಬಾ', 'ಚಾ' ಎನ್ನುತ್ತಿದ್ದಳು. ಒಂದೂವರೆ ವರ್ಷದ ಹೊತ್ತಿಗೆ ಹೊಸ ಮಾತು ಬರುವುದಿರಲಿ, ಇದ್ದ ಮಾತೂ ಹೋಯಿತು. ನಡೆಯುತ್ತಿದ್ದವಳು ಬೀಳತೊಡಗಿದಳು. ಎರಡೂ ಕೈಗಳನ್ನು ಎದೆಯ ಮುಂದೆ ಹಿಡಿದು ಹಿಟ್ಟು ನಾದುವಂತೆ ಸುಮ್ಮನೆ ಆಡಿಸುವಳು. ಮೊದಲು ತೋರಿಸಿದ ವೈದ್ಯರು "ಕೆಲವು ಮಕ್ಕಳು ನಿಧಾನ" ಎಂದರು. ಎರಡನೆಯವರು ಟಾನಿಕ್ ಬರೆದರು. ಮೂರನೆಯವರು ತಾಯಿ ಮಗುವಿನೊಡನೆ ಸಾಕಷ್ಟು ಮಾತಾಡುತ್ತಿಲ್ಲ ಎಂದರು. ಈ ಮಾತು ಕೇಳಿ ಬಂದ ದಿನ ಆಪಾ ರಾತ್ರಿಯಿಡೀ ಮುನ್ನಿಯನ್ನು ಮಡಿಲಲ್ಲಿಟ್ಟುಕೊಂಡು ಮಾತಾಡುತ್ತಲೇ ಇದ್ದಳಂತೆ. ಆಮೇಲೆ ಅಪಸ್ಮಾರದ ಸೆಳೆತ ಶುರುವಾಯಿತು. ಕಣ್ಣಿನ ಮುಂದೆ ಬೊಂಬೆ ಆಡಿಸಿದರೆ ಅವಳ ನೋಟ ಅದರ ಹಿಂದೆ ಹೋಗುವುದು ನಿಂತಿತು. ಕೊನೆಗೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ತರುಣ ವೈದ್ಯೆಯೊಬ್ಬರು ರಕ್ತ ತೆಗೆದು ಒಂದು ಕಿಣ್ವದ ಪರೀಕ್ಷೆಗೆ ಕಳಿಸಿದರು. ಆ ಕಿಣ್ವ ಮುನ್ನಿಯಲ್ಲಿ ಇರಲೇ ಇಲ್ಲ ಎನ್ನುವಷ್ಟು ಕಡಿಮೆಯಿತ್ತು.

ಕಿಣ್ವದ ಹೆಸರು ಪಾಮಿಟಾಯಿಲ್ ಪ್ರೋಟೀನ್ ಥಯೋಎಸ್ಟರೇಸ್-1. ಹೆಸರು ಉದ್ದವಾದರೂ ಅರ್ಥ ಇಷ್ಟೆ: ಪ್ರೋಟೀನಿಗೆ ಹಾಕಿದ ಪಾಮಿಟಿಕ್ ಆಮ್ಲದ ಕಚ್ಚಾ ಹೊಲಿಗೆಯನ್ನು ಬಿಚ್ಚುವಂಥದ್ದು. ನಾನು ಮೂರು ವರ್ಷಗಳಿಂದ ತಟ್ಟೆಯ ಮೇಲೆ ಬಾಗಿ ನೋಡುತ್ತಿದ್ದದ್ದು ಆ ಹೊಲಿಗೆಯನ್ನೇ. ನನ್ನ ಅಕ್ಕನ ಮಗಳಲ್ಲಿ ಅದನ್ನು ಬಿಚ್ಚುವ ಕತ್ತರಿ ಇರಲಿಲ್ಲ.

ಈ ಕಿಣ್ವವನ್ನು 1993ರಲ್ಲಿ ಅಮೆರಿಕದ ಡಲ್ಲಾಸಿನಲ್ಲಿ ಸಾಂಡ್ರಾ ಹಾಫ್‌ಮನ್ ಮತ್ತು ಅವರ ಸಹೋದ್ಯೋಗಿ ಹಸುವಿನ ಮೆದುಳಿನಿಂದ ಶುದ್ಧೀಕರಿಸಿದ್ದರು. ಅದು ಯಾವ ರೋಗಕ್ಕೆ ಸಂಬಂಧಿಸಿದ್ದೆಂದು ಆಗ ಗೊತ್ತಿರಲಿಲ್ಲ. ಇತ್ತ ಫಿನ್ಲೆಂಡಿನಲ್ಲಿ ಲೀನಾ ಪೆಲ್ಟೊನೆನ್ ಅವರ ತಂಡ ಮಕ್ಕಳ ಒಂದು ಮೆದುಳಿನ ರೋಗದ ಜೀನು ಹುಡುಕುತ್ತಿತ್ತು. ಆ ದೇಶದಲ್ಲಿ ಹುಟ್ಟುವ ಸುಮಾರು 20 ಸಾವಿರ ಮಕ್ಕಳಲ್ಲಿ ಒಂದಕ್ಕೆ ಆ ರೋಗ. 1995ರಲ್ಲಿ ಎರಡು ದಾರಿಗಳೂ ಕೂಡಿದವು. ರೋಗದ ಜೀನು ಇದೇ ಕಿಣ್ವದ ಜೀನು ಎಂದು ತಿಳಿಯಿತು. ಈ ಕಿಣ್ವ ಹೆಚ್ಚಾಗಿ ಇರುವುದು ಜೀವಕೋಶದ ಲೈಸೋಸೋಮ್ ಎಂಬ ಚೀಲಗಳಲ್ಲಿ. ಹಳತಾದ ಪ್ರೋಟೀನುಗಳನ್ನು ಬಿಡಿಭಾಗ ಮಾಡುವ ಜಾಗ ಅದು. ಗುಜರಿ ಅಂಗಡಿಯಲ್ಲಿ ಹಳೆ ಬಟ್ಟೆಯ ಗುಂಡಿ, ಜಿಪ್ಪು ಬಿಚ್ಚಿ ಬೇರೆ ಮಾಡುವುದಿಲ್ಲವೇ, ಹಾಗೆ. ಬಿಚ್ಚಲಾಗದ್ದು ಅಲ್ಲೇ ಉಳಿಯುತ್ತದೆ, ಕಸ ಗುಡ್ಡೆಯಾಗುತ್ತದೆ. ಮೊದಲು ಸಾಯುವುದು ನರಕೋಶಗಳು.

ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನಾನು ಆ ಸಂಜೆ ಆಪಾಗೆ ಉತ್ತರ ಕೊಟ್ಟೆ. ಬಜ್ಜಿಯಿಂದಲ್ಲ ಎಂದೆ. ಎಣ್ಣೆಯಿಂದಲ್ಲ. ನೀನು ಜೀವಮಾನದಲ್ಲಿ ಒಂದು ತೊಟ್ಟು ಪಾಮೋಲಿನ್ ಮುಟ್ಟದಿದ್ದರೂ ದೇಹ ಅನ್ನದಿಂದಲೇ ಪಾಮಿಟಿಕ್ ಆಮ್ಲ ಮಾಡಿಕೊಳ್ಳುತ್ತದೆ. ಎದೆಹಾಲಿನ ಕೊಬ್ಬಿನಲ್ಲೂ ನಾಲ್ಕರಲ್ಲೊಂದು ಪಾಲಿನಷ್ಟು ಅದೇ ಇರುತ್ತದೆ. ಅದು ವಿಷವಲ್ಲ, ಅದಿಲ್ಲದೆ ಮೆದುಳು ನಡೆಯುವುದಿಲ್ಲ. ತೊಂದರೆ ಇರುವುದು ಕೊಬ್ಬಿನಲ್ಲಲ್ಲ, ಅದನ್ನು ಬಿಡಿಸುವ ಕಿಣ್ವದಲ್ಲಿ.

ಆಚೆಯಿಂದ ಅವಳು ದೀರ್ಘವಾಗಿ ಉಸಿರು ಬಿಟ್ಟದ್ದು ಕೇಳಿಸಿತು. ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಹಾಗಾದರೆ ಕಿಣ್ವ ಯಾಕಿಲ್ಲ ಎಂದು ಅವಳು ಕೇಳಿದಳು. ಪ್ರಯೋಗಾಲಯದ ಸೋಮವಾರದ ಸಭೆಯಲ್ಲಿ ಹೇಳುವಂತೆ ಹೇಳಿಬಿಟ್ಟೆ: ಪ್ರತಿಯೊಬ್ಬರಿಗೂ ಈ ಜೀನಿನ ಎರಡು ಪ್ರತಿ ಇರುತ್ತವೆ, ಒಂದು ಕೆಟ್ಟಿದ್ದರೂ ಏನೂ ಆಗುವುದಿಲ್ಲ, ಎರಡೂ ಕೆಟ್ಟಿದ್ದರೆ ರೋಗ, ನಿನ್ನಲ್ಲೊಂದು ಭಾಯಿಯಲ್ಲೊಂದು ಕೆಟ್ಟ ಪ್ರತಿ ಇದೆ, ನೀವಿಬ್ಬರೂ ಒಂದೇ ಅಜ್ಜ ಅಜ್ಜಿಯ ಮೊಮ್ಮಕ್ಕಳಾದ್ದರಿಂದ ಒಂದೇ ದೋಷ ಎರಡು ಕಡೆಯಿಂದ ಬಂದು ಸೇರಿದೆ, ಪ್ರತಿ ಬಸಿರಿಗೂ ನೂರಕ್ಕೆ ಇಪ್ಪತ್ತೈದು ಸಂಭವ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಂದರೆ ಬಜ್ಜಿ ಅಲ್ಲ, ನಾನೇ" ಎಂದು ಫೋನ್ ಇಟ್ಟಳು.

ಮಾಹಿತಿ ಸರಿಯಾಗಿತ್ತು. ಸರಿಯಾದ ಮಾಹಿತಿಯಿಂದಲೂ ಒಬ್ಬರ ಕೈ ಮುರಿಯಬಹುದು ಎಂದು ನನಗೆ ತಿಳಿದದ್ದು ಆಗ.

ಸುದ್ದಿ ಮನೆಯಲ್ಲಿ ಹರಡಿತು. ಅದುವರೆಗೆ ಎಣ್ಣೆಯ ಮೇಲಿದ್ದ ಆರೋಪ ಈಗ ಆಪಾಳ ಮೇಲೆ ಬಂತು. "ಹುಡುಗಿಯ ರಕ್ತದಲ್ಲೇ ದೋಷವಂತೆ" ಎಂದು ಅವಳ ಅತ್ತೆಯ ಮನೆಯ ಕಡೆಯ ಹೆಂಗಸರು ಮಾತಾಡಿಕೊಂಡರು. ಭಾಯಿಯ ರಕ್ತದಲ್ಲೂ ಅದೇ ಇದೆ ಎಂಬುದು ಯಾರ ಬಾಯಲ್ಲೂ ಬರಲಿಲ್ಲ. ನಮ್ಮಲ್ಲಿ ಯಾವ ರೋಗವೂ ಗಂಡಿನ ಕಡೆಯಿಂದ ಬರುವುದಿಲ್ಲವಲ್ಲ. ಭಾಯಿಗೆ ಇನ್ನೊಂದು ಮದುವೆ ಮಾಡುವ ಮಾತೂ ಎದ್ದಿತು. ಅವನು ಒಪ್ಪಲಿಲ್ಲ. ಅಷ್ಟು ಮಟ್ಟಿಗೆ ಅವನಿಗೆ ನಾವು ಋಣಿಗಳು.

ಅದೇ ಹೊತ್ತಿಗೆ ನನಗೂ ಮದುವೆಯ ಮಾತು ನಡೆಯುತ್ತಿತ್ತು. ಹುಡುಗ ಚಿಕ್ಕಪ್ಪನ ಮಗ. ಓದಿದವನು, ಒಳ್ಳೆಯವನು. ನಾನು ಒಂದೇ ಶರತ್ತು ಹಾಕಿದೆ: ಮುನ್ನಿಯಲ್ಲಿ ಸಿಕ್ಕಿದ ಆ ದೋಷ ನಮ್ಮಿಬ್ಬರಲ್ಲಿ ಇದೆಯೇ ಎಂದು ಒಂದು ರಕ್ತಪರೀಕ್ಷೆ. ಮನೆಯಲ್ಲಿ ದೊಡ್ಡ ಗಲಾಟೆಯಾಯಿತು. ಪರೀಕ್ಷೆ ಮಾಡಿಸಿದ ಹೆಣ್ಣು ಎಂದರೆ ಏನೋ ಇದೆ ಎಂದೇ ಅರ್ಥ ಎಂದರು ಒಬ್ಬರು. ನಮ್ಮ ಹಿರಿಯರೆಲ್ಲ ಸೋದರ ಸಂಬಂಧದಲ್ಲೇ ಆದವರು, ಯಾರಿಗೇನಾಯಿತು ಎಂದರು ಇನ್ನೊಬ್ಬರು. ಅವರ ಮಾತೂ ಪೂರ್ತಿ ಸುಳ್ಳಲ್ಲ. ಸೋದರ ಸಂಬಂಧದಲ್ಲಿ ಹುಟ್ಟುವ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಇರುತ್ತಾರೆ. ಯಾವುದೇ ದಂಪತಿಗೆ ದೊಡ್ಡ ನ್ಯೂನತೆಯಿರುವ ಮಗು ಹುಟ್ಟುವ ಸಂಭವ ನೂರಕ್ಕೆ ಎರಡು ಮೂರು ಎಂದಿಟ್ಟುಕೊಂಡರೆ, ದೊಡ್ಡಪ್ಪ ಚಿಕ್ಕಪ್ಪ, ಅತ್ತೆ ಮಾವಂದಿರ ಮಕ್ಕಳ ನಡುವಿನ ಮದುವೆಯಲ್ಲಿ ಅದು ಸುಮಾರು ಎರಡರಷ್ಟಾಗುತ್ತದೆ. ಆದರೆ ಮನೆತನದಲ್ಲಿ ಒಂದು ಮಗುವಿಗೆ ಇಂಥ ರೋಗ ಬಂದಿದೆ ಎಂದು ಗೊತ್ತಾದ ಮೇಲೆ ಲೆಕ್ಕವೇ ಬೇರೆ. ಆಗ ಅದು ಅಂದಾಜಿನ ಮಾತಲ್ಲ, ಒಂದು ಹನಿ ರಕ್ತದಲ್ಲಿ ತಿಳಿಯಬಹುದಾದ ಮಾತು.

ಇಲ್ಲಿ ಇನ್ನೊಂದನ್ನೂ ಹೇಳಬೇಕು. ಈ ವಿಷಯ ಬಂದಾಗ ಹೊರಗಿನವರು ಇದು ನಿಮ್ಮವರ ಸಮಸ್ಯೆ ಎಂದು ನಮ್ಮತ್ತ ನೋಡುತ್ತಾರೆ. 1980ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದ್ದಾಗಿತ್ತು. ಅದು ಮುಸ್ಲಿಮರಿಗಿಂತ ಹಿಂದೂಗಳಲ್ಲಿ ಹೆಚ್ಚಿತ್ತು, ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ಅವರಲ್ಲಿ ಸಾಮಾನ್ಯ. ನಮ್ಮಲ್ಲಿ ಅದು ಕೂಡದು, ಆದರೆ ಚಿಕ್ಕಪ್ಪನ ಮಗ, ಫುಪ್ಪುವಿನ ಮಗ ನಡೆಯುತ್ತದೆ. ಈ ಕನ್ನಡ ನಾಡಿನ ನೆಲದಲ್ಲಿ ಇದು ಎಲ್ಲರ ಮನೆಯ ಮಾತು. ಇನ್ನು ಫಿನ್ಲೆಂಡಿನವರು ಅತ್ತೆಯ ಮಕ್ಕಳನ್ನು ಮದುವೆಯಾಗುವವರಲ್ಲ. ಶತಮಾನಗಳ ಹಿಂದೆ ಕೆಲವೇ ಕುಟುಂಬಗಳು ಅಲ್ಲಿ ನೆಲೆಸಿ ಬೆಳೆದದ್ದರಿಂದ ಒಂದೇ ದೋಷ ಊರೂರಿಗೆ ಹರಡಿತು. ಅವರು ಯಾರನ್ನೂ ದೂಷಿಸುತ್ತಾ ಕೂರಲಿಲ್ಲ. ಜೀನು ಹುಡುಕಿದರು, ಪರೀಕ್ಷೆ ಕಂಡುಹಿಡಿದರು.

ಚಿಕ್ಕಪ್ಪನ ಮಗ ಪರೀಕ್ಷೆಗೆ ಒಪ್ಪಲಿಲ್ಲ. ನಾನು ಒಬ್ಬಳೇ ಮಾಡಿಸಿಕೊಂಡೆ. ಅಬ್ಬಾ ನನ್ನ ಜೊತೆ ಬೆಂಗಳೂರಿಗೆ ಬಂದಿದ್ದರು. ಆಸ್ಪತ್ರೆಯಲ್ಲಿ ನನ್ನ ರಕ್ತ ತೆಗೆದಾದ ಮೇಲೆ ಅವರು ತಮ್ಮ ಅಂಗಿಯ ತೋಳು ಮಡಿಚಿ, "ನನ್ನದೂ ತಗೊಳ್ಳಿ" ಎಂದರು. ನಾನು ಯಾಕೆಂದು ಕೇಳಿದೆ. "ನೀನೇ ಹೇಳಿದೆಯಲ್ಲ, ಅಜ್ಜ ಅಜ್ಜಿಯಿಂದ ಬಂದಿದ್ದು ಅಂತ. ಹಾಗಾದರೆ ಅದು ನನ್ನನ್ನ ದಾಟದೆ ದೊಡ್ಡವಳ ಹತ್ತಿರ ಹೇಗೆ ಹೋಯಿತು?" ಎಂದರು. ಏಳನೇ ತರಗತಿ ಓದಿದ ಅಬ್ಬಾ, ನಾನು ಫೋನಿನಲ್ಲಿ ಗಳಗಳನೆ ಒದರಿದ್ದನ್ನು ಆಪಾಳ ಬಾಯಿಂದ ಕೇಳಿ ತಿಂಗಳುಗಟ್ಟಲೆ ತಲೆಯಲ್ಲಿ ಬಿಡಿಸಿ ಜೋಡಿಸಿ ನೋಡಿದ್ದರು.

ಫಲಿತಾಂಶ ಬಂತು. ಅಬ್ಬಾನಲ್ಲಿ ಒಂದು ದೋಷದ ಪ್ರತಿ ಇತ್ತು. ನನ್ನಲ್ಲೂ ಇತ್ತು.

ಮುಂದಿನ ಈದಿಗೆ ಎಲ್ಲರೂ ಫುಪ್ಪುವಿನ ಮನೆಯಲ್ಲಿ ಸೇರಿದ್ದೆವು. ಶೀರ್‌ಖುರ್ಮಾ ಬಟ್ಟಲುಗಳು ಸುತ್ತ ಬರುತ್ತಿದ್ದವು. ಆಪಾ ಮುನ್ನಿಯನ್ನು ಎತ್ತಿಕೊಂಡು ಒಳಕೋಣೆಯಲ್ಲಿದ್ದಳು. ಅವಳು ಜನ ಸೇರಿದ ಕಡೆ ಬರುವುದನ್ನೇ ಬಿಟ್ಟಿದ್ದಳು. ಅಬ್ಬಾ ಜೇಬಿನಿಂದ ಆ ಕಾಗದ ತೆಗೆದು ತಮ್ಮ ಅಕ್ಕನ ಮುಂದಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು: "ಇದು ನನ್ನ ರಕ್ತದಲ್ಲಿದೆ. ನನ್ನಿಂದ ನನ್ನ ಮಗಳಿಗೆ ಹೋಗಿದೆ. ಆಪಾ, ನಿನ್ನಿಂದ ನಿನ್ನ ಮಗನಿಗೆ ಹೋಗಿದೆ. ನಮ್ಮಿಬ್ಬರಿಗೆ ನಮ್ಮ ಅಬ್ಬಾನಿಂದಲೋ ಅಮ್ಮಿಯಿಂದಲೋ ಬಂದಿದೆ. ಅವರಿಬ್ಬರೂ ಮಣ್ಣಿನಲ್ಲಿದ್ದಾರೆ, ಅವರಿಗೂ ಇದು ಗೊತ್ತಿರಲಿಲ್ಲ. ಮಾತಾಡೋದಿದ್ದರೆ ನನ್ನ ಹೆಸರು ಹೇಳಿ ಮಾತಾಡಿ. ಆ ಹುಡುಗಿಯನ್ನ ಬಿಟ್ಟುಬಿಡಿ."

ಫುಪ್ಪು ಕಾಗದವನ್ನು ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ಕೂತು, ಎದ್ದು ಒಳಕೋಣೆಗೆ ಹೋದಳು. ಒಳಗೆ ಏನು ಮಾತಾಯಿತೋ ತಿಳಿಯದು. ಬರುವಾಗ ಮುನ್ನಿ ಫುಪ್ಪುವಿನ ಹೆಗಲ ಮೇಲಿದ್ದಳು, ಹಿಂದಿನಿಂದ ಆಪಾ ಬಂದಳು.

ಮುನ್ನಿ ಒಂಬತ್ತು ವರ್ಷ ಇದ್ದಳು. ಕೊನೆಯ ನಾಲ್ಕೈದು ವರ್ಷ ಕಣ್ಣು ಕಾಣುತ್ತಿರಲಿಲ್ಲ, ಮೂಗಿನ ನಳಿಕೆಯಿಂದ ಗಂಜಿ. ಔಷಧಿ ಇದ್ದದ್ದು ಸೆಳೆತಕ್ಕೆ ಮಾತ್ರ. ಇದೇ ಗುಂಪಿನ ಇನ್ನೊಂದು ರೋಗಕ್ಕೆ 2017ರಲ್ಲಿ ಅಮೆರಿಕದಲ್ಲಿ ಕಿಣ್ವವನ್ನೇ ಎರಡು ವಾರಕ್ಕೊಮ್ಮೆ ಮೆದುಳಿನೊಳಗೆ ಹರಿಸುವ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಅದು ಮುನ್ನಿಯ ರೋಗಕ್ಕಲ್ಲ. ಆದರೂ ಆ ಸುದ್ದಿಯನ್ನು ಆಪಾಗೆ ಓದಿ ಹೇಳಿದೆ. ಈ ಸಲ ನಿಧಾನವಾಗಿ ಹೇಳಿದೆ, ಅವಳು ಕೇಳಿದಷ್ಟಕ್ಕೆ ಮಾತ್ರ ಉತ್ತರಿಸಿದೆ. ಮುನ್ನಿಗೆ ಶಬ್ದ ತಿಳಿಯುತ್ತಿತ್ತು ಎಂದು ಅಮ್ಮಿ ಖಂಡಿತವಾಗಿ ಹೇಳುತ್ತಾಳೆ. ಸೆಳೆತ ಬಂದು ದಣಿದ ಮೇಲೆ ಅವಳನ್ನು ಹೊಲಿಗೆ ಯಂತ್ರದ ಪಕ್ಕ ಮಲಗಿಸಿ ಪೆಡಲು ತುಳಿದರೆ ಅವಳ ಬಿಗಿದ ಮುಷ್ಟಿ ಸಡಿಲವಾಗುತ್ತಿತ್ತಂತೆ. ಹೊಲಿಯಲು ಬಟ್ಟೆ ಇಲ್ಲದಾಗಲೂ ಅಮ್ಮಿ ಯಂತ್ರ ತುಳಿಯುತ್ತಿದ್ದಳು.

2019ರ ಕೊನೆಗೆ ಅವಳು ಹೋದಳು. ಅದೇ ವರ್ಷ ಚಿಕಾಗೋದ ಒಂದು ತಂಡ, ಈ ಕಿಣ್ವವಿಲ್ಲದ ಇಲಿಗಳ ಮೇಲೆ ಮಾಡಿದ ಕೆಲಸವನ್ನು ಪ್ರಕಟಿಸಿತು. ನಾನಾಗ ಪ್ರಯೋಗಾಲಯ ಬಿಟ್ಟು ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಎಳೆಯ ಮೆದುಳು ಬೆಳೆಯುವಾಗ ಎನ್‌ಎಂಡಿಎ ಎಂಬ ಗ್ಲುಟಮೇಟ್ ಗ್ರಾಹಕದ ಒಂದು ಭಾಗ ಹೋಗಿ ಅದರ ಜಾಗಕ್ಕೆ ಇನ್ನೊಂದು ಬರಬೇಕು, ಮಗುವಿನ ಹಾಲುಹಲ್ಲು ಬಿದ್ದು ಬೇರೆ ಹಲ್ಲು ಬರುವಂತೆ. ಕಿಣ್ವವಿಲ್ಲದ ಇಲಿಗಳಲ್ಲಿ ಈ ಬದಲಾವಣೆ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ. ಹಳೆಯ ಭಾಗಕ್ಕೆ ಪಾಮಿಟಿಕ್ ಆಮ್ಲ ಅತಿಯಾಗಿ ಅಂಟಿಕೊಂಡಿರುತ್ತದೆ. ಅಂಥ ಇಲಿಗಳ ನರಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಕೊಬ್ಬು ಅಂಟುವುದನ್ನೇ ತಗ್ಗಿಸುವ ರಾಸಾಯನಿಕ ಹಾಕಿದರೆ ಕೆಡುಕು ಕಡಿಮೆಯಾಗುತ್ತದೆ. ಕಸ ಗುಡ್ಡೆಯಾಗಿ ಕೋಶ ಸಾಯುವುದಷ್ಟೇ ಅಲ್ಲ, ಅದಕ್ಕೂ ಮೊದಲೇ ಗ್ರಾಹಕಗಳ ಮಟ್ಟದಲ್ಲಿ ತಪ್ಪು ಶುರುವಾಗಿರುತ್ತದೆ ಎಂದು ಇದರ ಅರ್ಥ. ತಟ್ಟೆಯಲ್ಲಿ ಆದದ್ದು ಮಗುವಿನಲ್ಲಿ ಆಗಬೇಕೆಂದಿಲ್ಲ, ಅದು ನನಗೆ ಗೊತ್ತು. ಆದರೂ ಆ ಲೇಖನ ಓದಿದ ರಾತ್ರಿ, ನಾನು ವರ್ಷಗಟ್ಟಲೆ ಫ್ರೀಜರಿನಿಂದ ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದ ಆ ಫಿಲ್ಮುಗಳು ನೆನಪಾದವು. 1970ರಲ್ಲಿ ಮಜ್ಜೆ ಕೊಟ್ಟ ಆ ನಾಲ್ಕು ವರ್ಷದ ಮಗುವೂ ನೆನಪಾಯಿತು. ಅವಳಿಗೂ ಒಬ್ಬ ತಾಯಿ ಇದ್ದಳು, ಅವಳೂ ಯಾರನ್ನೋ "ನಾನೇನು ತಿಂದೆ?" ಎಂದು ಕೇಳಿರಬೇಕು.

ಆಪಾ ಮತ್ತೆ ಮಗುವನ್ನು ಹೆರಲಿಲ್ಲ. ಬಸಿರಿನ ಹನ್ನೊಂದನೆಯ ವಾರದ ಹೊತ್ತಿಗೇ ಪರೀಕ್ಷೆ ಮಾಡಬಹುದು, ನಾಲ್ಕರಲ್ಲಿ ಮೂರು ಪಾಲು ರೋಗವಿಲ್ಲದ ಮಗುವಿನ ಸಂಭವ ಎಂದು ವೈದ್ಯೆ 2014ರಲ್ಲೇ ವಿವರಿಸಿದ್ದರು. ಅವಳು ಬೇಡವೆಂದಳು. ಅದು ಅವಳ ತೀರ್ಮಾನ, ನಾನು ಎದುರಾಡಲಿಲ್ಲ. ಈಗ ಅವಳು ನಮ್ಮ ಓಣಿಯ ಅಂಗನವಾಡಿಗೆ ಹೋಗುವ ಮಕ್ಕಳ ತಾಯಂದಿರಿಗೆ ಹೇಳುತ್ತಿರುತ್ತಾಳೆ: ಕಲಿತ ಮಾತನ್ನು ಮಗು ಮರೆತರೆ 'ನಿಧಾನ' ಎಂದು ಕೂರಬೇಡಿ. ತಡವಾಗಿ ಕಲಿಯುವುದು ಬೇರೆ, ಕಲಿತದ್ದು ಹೋಗುವುದು ಬೇರೆ. ಕೂಡಲೇ ದೊಡ್ಡ ಆಸ್ಪತ್ರೆಗೆ ತೋರಿಸಿ.

ನಾನು ಹೊರಗಿನವರನ್ನು ಮದುವೆಯಾದೆ. ಮದುವೆಗೆ ಮೊದಲು ನನ್ನ ಕಾಗದ ಅವರಿಗೆ ತೋರಿಸಿದೆ. ಅವರು ಓದಿ, "ನನ್ನದೂ ನೋಡಿಸೋಣ, ಅದಕ್ಕೇನು?" ಎಂದರು. ಅವರಲ್ಲಿ ಆ ದೋಷ ಇರಲಿಲ್ಲ.

ಅಬ್ಬಾಗೆ ಈಗ ವಯಸ್ಸಾಗಿದೆ. ಬಾಣಲೆಯ ಮುಂದೆ ಕೆಲಸದ ಹುಡುಗ ನಿಲ್ಲುತ್ತಾನೆ, ಅಬ್ಬಾ ಗಲ್ಲಾದಲ್ಲಿ ಕೂರುತ್ತಾರೆ. ಸಂಬಂಧದೊಳಗೆ ಮದುವೆಯ ಮಾತು ಎತ್ತಿಕೊಂಡು ಯಾರಾದರೂ ಸಲಹೆ ಕೇಳಲು ಬಂದರೆ ಬೇಡವೆಂದು ಅವರು ಹೇಳುವುದಿಲ್ಲ. "ಮನೆತನದಲ್ಲಿ ಸಣ್ಣ ಮಕ್ಕಳು ಹೋಗಿದ್ದಾರಾ? ಹೇಗೆ ಹೋದರು? ಕೇಳಿಕೊಂಡು ಬನ್ನಿ" ಎನ್ನುತ್ತಾರೆ. ಕೆಲವರು ಮುಖ ಗಂಟಿಕ್ಕಿಕೊಂಡು ಎದ್ದು ಹೋಗುತ್ತಾರೆ. ಕೆಲವರು ಕೇಳಿಕೊಂಡು ಬರುತ್ತಾರೆ. ಹಾಗೆ ಬಂದವರಿಗೆ ಅಬ್ಬಾ ಬಜ್ಜಿ ತಿನ್ನಿಸಿ ನನ್ನ ಫೋನ್ ನಂಬರ್ ಬರೆದುಕೊಡುತ್ತಾರೆ.